ಕಟ್ಟಡದ ಜೊತೆಗೆ ತಜ್ಞರ ತಂಡವೂ ಇರಲಿ



ಬಯಲು ಪ್ರದೇಶದಲ್ಲಿ 30,000 ಹಾಗೂ ಗುಡ್ಡಗಾಡು, ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡವಾಗಿದ್ದರೂ, ಕಟ್ಟಡಗಳ ಎಣಿಕೆಯೊಂದರಿಂದಲೇ ಗ್ರಾಮೀಣ ಆರೋಗ್ಯ ಸೇವೆಯ ಗುಣಮಟ್ಟವನ್ನು ಅಳೆಯಲಾಗದು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆ ಸುರಕ್ಷಿತವಾಗಿ ನಡೆಯಬೇಕಾದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಅಂದರೆ ನೋವು ತಿಳಿಯದಂತೆ ಔಷಧ ನೀಡಿ ಉಸಿರಾಟ ಮತ್ತು ರಕ್ತದೊತ್ತಡದ ಮೇಲೆ ನಿಗಾ ಇಡುವ ವೈದ್ಯರು, ಹಾಗೂ ರಕ್ತ ಸಂಗ್ರಹ ಘಟಕ ಮೂರೂ ಒಟ್ಟಿಗೆ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ಮುಚ್ಚಿ, ಹೆರಿಗೆ ನೋವಿನಲ್ಲಿರುವ ತಾಯಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸುವುದು ಅನಿವಾರ್ಯವಾಗುತ್ತದೆ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಪ್ರಯಾಣದ ತೊಂದರೆಯನ್ನು ತಗ್ಗಿಸಿದೆಯೇ ಹೊರತು, ತಲುಪಿದ ಆಸ್ಪತ್ರೆಯಲ್ಲಿನ ತಜ್ಞರ ಕೊರತೆಯನ್ನು ಅದು ತುಂಬಲಾರದು.

ಆದ್ದರಿಂದ ಸರ್ಕಾರವು ತಜ್ಞರನ್ನು ಒಬ್ಬೊಬ್ಬರನ್ನಾಗಿ ಊರೂರಿಗೆ ಹಂಚದೆ ತಂಡವಾಗಿ ನೇಮಿಸಬೇಕು. ಅವರಿಗೂ ಶುಶ್ರೂಷಕಿಯರಿಗೂ ಆಸ್ಪತ್ರೆಯ ಆವರಣದಲ್ಲೇ ವಸತಿಗೃಹ ಒದಗಿಸಬೇಕು. ಸಂವಿಧಾನದ 371(ಜೆ) ವಿಧಿಯಡಿ ಹಿಂದುಳಿದಿರುವಿಕೆಯ ನಿವಾರಣೆಗೆಂದೇ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ತನ್ನ ಅನುದಾನದಲ್ಲಿ ಹೊಸ ಕಟ್ಟಡಗಳಿಗಿಂತ ಈ ಕಾರ್ಯಕ್ಕೆ ಮೊದಲ ಆದ್ಯತೆ ನೀಡಲಿ.

– ಓದುಗ, ಕಲಬುರಗಿ