ಗುಳಿಗೆಯ ತೂಬು

ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿಗೆ ಹೊರಟ ಕಾರ್ಮಿಕನೊಬ್ಬನನ್ನು ಊಹಿಸಿಕೊಳ್ಳೋಣ. ಆತನಿಗೆ ರಕ್ತದ ಒತ್ತಡದ ಬೇನೆ. ದಿನಕ್ಕೆ ಒಂದು ಗುಳಿಗೆಯನ್ನು ನುಂಗಬೇಕೆಂದು ವೈದ್ಯರ ಆದೇಶ. ಗುಳಿಗೆ ಗಂಟಲಲ್ಲಿ ಇಳಿಯದೆಂದು ಆತ ಅದನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಕುಡಿಯುತ್ತಾನೆ. ‘ಔಷಧ ಅದೇ, ತೂಕವೂ ಅದೇ, ಪುಡಿಮಾಡಿದರೆ ಕೆಡುಕೇನು?’ ಎಂದು ಆತ ಕೇಳಿದರೆ ಅದು ಅವಿವೇಕದ ಪ್ರಶ್ನೆಯಲ್ಲ. ಅದಕ್ಕೆ ಆತನ ನುಡಿಯಲ್ಲಿ ಉತ್ತರ ಕೊಡದಿರುವುದು ನಮ್ಮ ತಪ್ಪು.

ಸಾಮಾನ್ಯ ಗುಳಿಗೆ ಹೊಟ್ಟೆಯಲ್ಲಿ ಬೇಗನೆ ಕರಗುತ್ತದೆ. ರಕ್ತದಲ್ಲಿ ಔಷಧದ ಪ್ರಮಾಣ ಥಟ್ಟನೆ ಏರಿ, ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಈ ಏರಿಳಿತವನ್ನು ತಗ್ಗಿಸುವುದಕ್ಕಾಗಿಯೇ ಔಷಧವನ್ನು ನಿಧಾನವಾಗಿ ಬಿಡುವ ಉಪಾಯಗಳು ಹುಟ್ಟಿದವು. 1952ರಲ್ಲಿ ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಸಂಸ್ಥೆ ‘ಸ್ಪಾನ್ಸೂಲ್’ ಎಂಬ ಕ್ಯಾಪ್ಸೂಲನ್ನು ಹೊರತಂದಿತು. ಅದರೊಳಗಿನ ನೂರಾರು ಸಣ್ಣ ಕಾಳುಗಳಿಗೆ ಬೇರೆ ಬೇರೆ ದಪ್ಪದ ಲೇಪವಿತ್ತು; ತೆಳುಲೇಪದವು ಮೊದಲು ಕರಗಿದರೆ ದಪ್ಪಲೇಪದವು ಅನಂತರ ಕರಗುತ್ತಿದ್ದವು. ಇಂದಿನ ಅನೇಕ ಗುಳಿಗೆಗಳಲ್ಲಿ ಸೆಲ್ಯುಲೋಸಿನಿಂದ ಪಡೆದ ವಸ್ತುವೊಂದಿದ್ದು, ಅದು ನೀರು ತಾಗಿದೊಡನೆ ಉಬ್ಬಿ ಲೋಳೆಯಾಗಿ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ.

ಕೆರೆಯ ನೀರು ತೂಬಿನಿಂದ ಹರಿದರೆ ಪೈರಿಗೆ ಜೀವ. ಏರಿ ಒಡೆದು ನುಗ್ಗಿದರೆ ಅದೇ ನೀರು ಊರಿಗೆ ಕೇಡು. ಗುಳಿಗೆಯನ್ನು ಪುಡಿಮಾಡುವುದೆಂದರೆ ಏರಿಯನ್ನು ಒಡೆಯುವುದೇ ಸರಿ. ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ನಿಫೆಡಿಪಿನ್ನಿನ ಇಂಥ ಗುಳಿಗೆಯನ್ನು ಪುಡಿಮಾಡಿದರೆ ರಕ್ತದ ಒತ್ತಡ ಅಪಾಯಕರವಾಗಿ ಕುಸಿಯಬಹುದು. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ನಿನಲ್ಲಾದರೆ ಹೃದಯದ ಬಡಿತವೇ ತಾಳತಪ್ಪಬಹುದು. ನಡುವೆ ಗೆರೆಯಿರುವ ಕೆಲವು ಗುಳಿಗೆಗಳನ್ನು ಎರಡು ಹೋಳು ಮಾಡಬಹುದಾದರೂ ಅರೆಯಕೂಡದು. ಯಾವುದು ಎಂಥದೆಂಬುದನ್ನು ವೈದ್ಯರಿಂದಲೋ ಔಷಧದಂಗಡಿಯವರಿಂದಲೋ ತಿಳಿಯಬೇಕು.

ಈ ನಿಧಾನದ ವಿದ್ಯೆ ನಮ್ಮ ನಗರಕ್ಕೆ ಹೊಸದಲ್ಲ. ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ ಸಂಸ್ಥೆ 2009ರಲ್ಲಿ ಗ್ಲಾರ್ಜಿನ್ ಎಂಬ ಇನ್ಸುಲಿನ್ನನ್ನು ಭಾರತದ ಮಾರುಕಟ್ಟೆಗೆ ತಂದಿತು. ಸೀಸೆಯ ಆಮ್ಲೀಯ ದ್ರವದಲ್ಲಿ ಕರಗಿರುವ ಈ ಔಷಧ, ಚರ್ಮದಡಿ ಸೇರಿದಾಗ ಅಲ್ಲಿ ಆಮ್ಲತೆಯಿಲ್ಲದ ಕಾರಣ ಸೂಕ್ಷ್ಮಕಣಗಳಾಗಿ ಗರಣೆಗಟ್ಟುತ್ತದೆ. ಆ ಕಣಗಳು ಮೆಲ್ಲಮೆಲ್ಲನೆ ಕರಗಿ, ಸುಮಾರು 24 ಗಂಟೆಗಳ ಕಾಲ ಇನ್ಸುಲಿನ್ನನ್ನು ಒದಗಿಸುತ್ತವೆ.

ಇಷ್ಟು ಜಾಣತನದ ಔಷಧಗಳು ಬಳಕೆಯಲ್ಲಿರುವ ಊರಿನಲ್ಲಿ, ‘ಅರೆಯಬೇಡಿ, ಅಗಿಯಬೇಡಿ’ ಎಂಬ ಎರಡು ಮಾತುಗಳು ಸಾಮಾನ್ಯವಾಗಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತವೆ. ‘ಎಸ್‌ಆರ್’, ‘ಇಆರ್’ ಎಂಬ ಗುರುತುಗಳಿಂದ ಕಾರ್ಮಿಕನು ಏನನ್ನು ತಿಳಿದಾನು? ಪಟ್ಟಿಯನ್ನು ಕತ್ತರಿಸಿ ನಾಲ್ಕೇ ಗುಳಿಗೆ ಕೊಟ್ಟರಂತೂ ಆ ಎಚ್ಚರಿಕೆಯೂ ಅಂಗಡಿಯಲ್ಲೇ ಉಳಿಯುತ್ತದೆ. ಪ್ರತಿ ಗುಳಿಗೆಯ ಹಿಂಬದಿಯಲ್ಲಿಯೂ ಎಲ್ಲರೂ ಗುರುತಿಸಬಲ್ಲ ಒಂದು ಚಿಹ್ನೆ, ಜೊತೆಗೆ ಕನ್ನಡದಲ್ಲಿ ಒಂದು ಸಾಲು ಇರಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ.

ಅದು ಆಗುವವರೆಗೆ ವಿದ್ಯಾರ್ಥಿಗಳು ಸುಮ್ಮನಿರಬೇಕಾಗಿಲ್ಲ. ಮನೆಯ ಹಿರಿಯರ ಗುಳಿಗೆಯ ಪಟ್ಟಿಯನ್ನು ಇಂದೇ ಓದಿ, ಅದರಲ್ಲಿರುವುದನ್ನು ಅವರಿಗೆ ಕನ್ನಡದಲ್ಲಿ ತಿಳಿಸಿರಿ.