ನದಿಯ ತಳದ ಮೌನ ಸೇವಕರು

ನೀರಿನ ಶುದ್ಧಿಯ ಮಾತು ಬಂದಾಗ ನಮ್ಮ ದೃಷ್ಟಿ ಯಂತ್ರಗಳತ್ತ, ಕ್ಲೋರಿನ್‌ನತ್ತ ಹರಿಯುವುದು ಸಹಜ. ನದಿಯ ತಳದಲ್ಲಿ ಅರೆಹೂತುಕೊಂಡು ಬಾಳುವ ಕಪ್ಪೆಚಿಪ್ಪು ಯಾರ ನೆನಪಿಗೂ ಬಾರದು. ಸುಣ್ಣಕ್ಕೆ ಒದಗುವ ಚಿಪ್ಪು ಎಂಬುದರಾಚೆಗೆ ಅದನ್ನು ನಾವು ಅರಿತುದೂ ಕಡಿಮೆ.

ಈ ಜೀವಿ ನೀರನ್ನು ಒಳಗೆಳೆದು, ಪಾಚಿ, ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮ ಕಣಗಳನ್ನು ಸೋಸಿಕೊಂಡು, ತಿಳಿನೀರನ್ನು ಹೊರಬಿಡುತ್ತದೆ. ದೊಡ್ಡದೊಂದು ಕಪ್ಪೆಚಿಪ್ಪು ದಿನಕ್ಕೆ ಹತ್ತಾರು ಲೀಟರ್ ನೀರನ್ನು ಹೀಗೆ ಸೋಸಬಲ್ಲುದು. ನೀರಿನಲ್ಲಿರುವ ವಿಷವೂ ಅದರ ದೇಹದಲ್ಲಿ ಸಂಗ್ರಹವಾಗುವುದರಿಂದ, ಕೊಳೆನೀರಿನ ಚಿಪ್ಪುಮಾಂಸ ತಿಂದವರಿಗೂ ಅಪಾಯ ತಪ್ಪಿದ್ದಲ್ಲ. ಪೋಲೆಂಡಿನ ರಾಜಧಾನಿ ವಾರ್ಸಾದ ನೀರು ಸರಬರಾಜು ವ್ಯವಸ್ಥೆಯಲ್ಲಿ ಎಂಟು ಕಪ್ಪೆಚಿಪ್ಪುಗಳನ್ನು ಕಾವಲಿಗಿರಿಸಿದ್ದಾರೆ. ನೀರು ಕೆಟ್ಟೊಡನೆ ಅವು ಬಾಯಿ ಮುಚ್ಚುತ್ತವೆ. ಚಿಪ್ಪಿಗೆ ಜೋಡಿಸಿದ ಸಂವೇದಕಗಳು ಎಚ್ಚರಿಕೆ ನೀಡುತ್ತವೆ.

ಇಂಥ ಕಾವಲುಗಾರರು ಇಂದು ಅಳಿಯುತ್ತಿದ್ದಾರೆ. ಅಮೆರಿಕ 2023ರಲ್ಲಿ ನಿರ್ನಾಮವಾದವೆಂದು ಸಾರಿದ 21 ಜೀವಪ್ರಭೇದಗಳಲ್ಲಿ 8 ಸಿಹಿನೀರಿನ ಕಪ್ಪೆಚಿಪ್ಪುಗಳೇ. 1898ರಲ್ಲಿ ನಮ್ಮ ಭದ್ರಾ ನದಿಯಿಂದ ವಿಜ್ಞಾನಲೋಕಕ್ಕೆ ಪರಿಚಿತವಾದ, ಬಂಡೆಗೆ ಅಂಟಿ ಬಾಳುವ 'ಸ್ಯೂಡೋಮುಲ್ಲೇರಿಯಾ ಡಾಲಿಯೈ' ಎಂಬ ಅಪೂರ್ವ ಚಿಪ್ಪುಜೀವಿಯೂ ಅಳಿವಿನಂಚಿನವುಗಳ ಪಟ್ಟಿಯಲ್ಲಿದೆ.

ಕಾರಣಗಳು ನಿಗೂಢವಲ್ಲ. ಮರಳನ್ನು ಬಗೆದೆತ್ತಿದಾಗ ಅವುಗಳ ಮನೆಯೇ ಹೋಗುತ್ತದೆ. ಬಹುತೇಕ ಸಿಹಿನೀರಿನ ಕಪ್ಪೆಚಿಪ್ಪುಗಳ ಮರಿಗಳು ಮೊದಲ ದಿನಗಳನ್ನು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡೇ ಕಳೆಯಬೇಕು. ಅಣೆಕಟ್ಟು ಮೀನನ್ನು ತಡೆದರೆ, ಸಿಡಿಮದ್ದು ಮೀನನ್ನು ಕೊಂದರೆ, ಇವುಗಳ ಸಂತತಿಯೂ ನಿಂತಂತೆ. ಚರಂಡಿಯ ನೀರು ಮತ್ತು ತೋಟದ ಕೀಟನಾಶಕ ಉಳಿದ ಕೆಲಸವನ್ನು ಪೂರೈಸುತ್ತವೆ.

ಶುದ್ಧೀಕರಣ ಯಂತ್ರಗಳಿರುವಾಗ ಈ ಚಿಂತೆ ಏಕೆಂದು ಕೇಳಬಹುದು. ಯಂತ್ರದ ಸೇವೆ ನಲ್ಲಿಯುಳ್ಳವರಿಗೆ. ಹೊಳೆಯ ನೀರನ್ನೇ ನಂಬಿದ ಬಡವನಿಗೆ ಹೊಳೆಯ ಆರೋಗ್ಯವೇ ಆರೋಗ್ಯ. ಅದಕ್ಕೂ ಮಿಗಿಲಾದ ಪ್ರಶ್ನೆ ಇನ್ನೊಂದಿದೆ: ನಮಗೆ ಉಪಯುಕ್ತವಾದುದಕ್ಕೆ ಮಾತ್ರ ಬದುಕುವ ಹಕ್ಕೆ? ಉಪಯೋಗವೊಂದೇ ಮೌಲ್ಯದ ಅಳತೆಗೋಲಾದರೆ, ಮನೆಯ ಮೂಲೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿಗೂ ಬೆಲೆಯಿರದು. ಕಣ್ಣಿಗೆ ಬೀಳದ ಜೀವಿಗಳೂ ಪ್ರಕೃತಿಯ ಸಮತೋಲನಕ್ಕೆ ಅಗತ್ಯವೆಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ಪರಿಪತ್ರದಲ್ಲಿ ನೆನಪಿಸಿದ್ದು ಈ ಅರ್ಥದಲ್ಲಿಯೂ ಮನನೀಯ.

ಆದುದರಿಂದ, ಹೊಸ ಮನೆ ಕಟ್ಟಿಸುವವರು ಮರಳು ಎಲ್ಲಿಂದ ಬಂತೆಂದು ವಿಚಾರಿಸಲಿ. ತೋಟವುಳ್ಳವರು ಕೀಟನಾಶಕದ ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯದಿರಲಿ. ಗ್ರಾಮಸಭೆಯಲ್ಲಿ ಹೊಳೆಯ ಪರವಾಗಿ ಒಂದು ಮಾತನ್ನಾದರೂ ಆಡೋಣ. ಬಾಯಿಲ್ಲದ ಜೀವಿಗಳ ಪರವಾಗಿ ಮಾತನಾಡುವ ಹೊಣೆ ಬಾಯುಳ್ಳವರದೇ.