ನಿರಾಶ್ರಿತರಿಗೂ ಪ್ಲೇಸ್‌ಮೆಂಟ್ ಇಂಟರ್‌ವ್ಯೂನಾ?

1976ರ ಏಪ್ರಿಲ್ 26ರಂದು ಆಸ್ಟ್ರೇಲಿಯಾದ ಡಾರ್ವಿನ್‌ಗೆ ಒಂದು ಮರದ ಮೀನುಗಾರಿಕೆ ದೋಣಿ ಬಂತು. ಒಳಗಿದ್ದದ್ದು ಐದು ಜನ ವಿಯೆಟ್ನಾಂ ಯುವಕರು. ದಾರಿ ನೋಡೋಕೆ ಇದ್ದದ್ದು ಶಾಲೆಯ ಅಟ್ಲಾಸಿನಿಂದ ಹರಿದ ಒಂದು ಹಾಳೆ. ಮ್ಯಾಪ್ಸ್ ಇಲ್ಲದೆ ಪಕ್ಕದ ಏರಿಯಾಗೂ ಹೋಗದ ನಮಗೆ ಇದು ಸಿನಿಮಾ ಕಥೆ ಅನ್ನಿಸಬಹುದು.

ಅದರ ಹಿಂದಿನ ವರ್ಷ ಸೈಗಾನ್ ನಗರ ಕಮ್ಯುನಿಸ್ಟ್ ಪಡೆಗಳ ವಶವಾಗಿತ್ತು. ಹಳೆಯ ಸರ್ಕಾರದ ಕಡೆಯಿದ್ದವರನ್ನು 'ಮರುಶಿಕ್ಷಣ' ಶಿಬಿರಗಳಿಗೆ ಹಾಕಿದರು. ಎಷ್ಟೋ ವ್ಯಾಪಾರಿಗಳು ಆಸ್ತಿ ಕಳೆದುಕೊಂಡರು. ಮುಂದಿನ 20 ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ದೋಣಿ ಹತ್ತಿ ಬೇರೆ ದೇಶಗಳ ದಡ ಸೇರಿದರು. ಬಿರುಗಾಳಿ, ಬಾಯಾರಿಕೆ, ಕಡಲ್ಗಳ್ಳರಿಂದ ಸತ್ತವರು 2ರಿಂದ 4 ಲಕ್ಷ ಅನ್ನೋ ಅಂದಾಜಿದೆ.

ಈ ವಿಷಯ ಬಂದಾಗಲೆಲ್ಲ ನಾವು ಸಕ್ಸಸ್ ಸ್ಟೋರಿ ಹೇಳ್ತೀವಿ. ಡೇವಿಡ್ ಟ್ರಾನ್ ತಾನು ದೇಶ ಬಿಟ್ಟ ಹಡಗಿನ ಹೆಸರನ್ನೇ ಕಂಪನಿಗಿಟ್ಟು ಅಮೆರಿಕದಲ್ಲಿ ಶ್ರಿರಾಚಾ ಸಾಸ್ ಮಾರಿದರು. 1977ರಲ್ಲಿ ದೋಣಿಯಲ್ಲಿ ಡಾರ್ವಿನ್‌ಗೆ ಬಂದ ಹಿಯು ವಾನ್ ಲೆ 2014ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು. "ನೋಡಿ, ಬಿಟ್ಕೊಂಡಿದ್ದಕ್ಕೆ ಎಷ್ಟು ಲಾಭ!" ಅಂತ ವಾದ ಮುಗಿಸ್ತೀವಿ.

ಈ ವಾದ ಕೇಳೋಕೆ ಚೆನ್ನಾಗಿದೆ, ಆದ್ರೆ ತಪ್ಪು ಅಂತ ನನಗನ್ನಿಸುತ್ತೆ. ಬಂದವರಲ್ಲಿ ಹೆಚ್ಚಿನವರು ಗವರ್ನರ್ ಆಗಲಿಲ್ಲ. ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿದರು, ಮನೆಯಲ್ಲೇ ಬಟ್ಟೆ ಹೊಲಿದರು, ಬೇಕರಿ ನಡೆಸಿದರು. ಅವರು ಲೆಕ್ಕಕ್ಕಿಲ್ವಾ? ಸಿಡ್ನಿಯ ಕ್ಯಾಬ್ರಮಟ್ಟ ಇವತ್ತು ವಿಯೆಟ್ನಾಮಿ ಊಟಕ್ಕೆ ಫೇಮಸ್. 1990ರ ದಶಕದಲ್ಲಿ ಅದೇ ಬಡಾವಣೆ ಹೆರಾಯಿನ್‌ಗೆ ಕುಖ್ಯಾತವಾಗಿತ್ತು. ಬರೀ ಲಾಭ-ನಷ್ಟ ನೋಡೋದಾದ್ರೆ, ಆಗ ಎಲ್ಲರನ್ನೂ ವಾಪಸ್ ಕಳಿಸಿ ಅನ್ನಬೇಕಿತ್ತು.

ಕೆನಡಾದ ಜನ ಬೇರೆ ಥರ ಯೋಚಿಸಿದರು. 1979-80ರಲ್ಲಿ ಆ ದೇಶಕ್ಕೆ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಸುಮಾರು 60 ಸಾವಿರ ನಿರಾಶ್ರಿತರು ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಖರ್ಚನ್ನು ಚರ್ಚುಗಳು, ಸಂಘಗಳು, ಅಕ್ಕಪಕ್ಕದ ಮನೆಯವರ ಗುಂಪುಗಳು ತಾವೇ ಹೊತ್ತುಕೊಂಡವು. ಮುಂದೆ ಯಾರೋ ಸ್ಟಾರ್ಟಪ್ ಮಾಡ್ತಾರೆ ಅಂತ ಅಲ್ಲ. 1986ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪದಕ ಸಿಕ್ಕಿದ್ದು ಕೆನಡಾದ ಇಡೀ ಜನತೆಗೆ.

ಇದು ಹಳೇ ಕಥೆಯಲ್ಲ. ವೀಸಾ ಇಲ್ಲದೆ ದೋಣಿಯಲ್ಲಿ ಬಂದವರನ್ನು ಇಲ್ಲಿ ನೆಲೆಸಲು ಬಿಡಲ್ಲ ಅಂತ 2013ರಲ್ಲಿ ಆಸ್ಟ್ರೇಲಿಯಾ ಘೋಷಿಸಿತು. ಅಂದ್ರೆ, ಒಂದು ವರ್ಷದ ನಂತರ ಗವರ್ನರ್ ಆದ ವ್ಯಕ್ತಿ ಆಗ ದೋಣಿಯಲ್ಲಿ ಬಂದಿದ್ರೆ, ಅವರಿಗೂ ಅಲ್ಲಿ ಜಾಗ ಇರ್ತಿರಲಿಲ್ಲ!

ಎಷ್ಟು ಜನರನ್ನು ಸೇರಿಸಿಕೊಳ್ಳಬಹುದು, ಖರ್ಚು ಯಾರದ್ದು ಅನ್ನೋ ಪ್ರಶ್ನೆಗಳು ನ್ಯಾಯವಾದವೇ. ಸರ್ಕಾರಗಳು ಅದನ್ನು ಕೂತು ಲೆಕ್ಕ ಹಾಕಲಿ. ಆದರೆ ಆ ಲೆಕ್ಕ ಶುರುವಾಗಬೇಕಾದದ್ದು ಜನರನ್ನು ನೀರಿನಿಂದ ಮೇಲೆತ್ತಿದ ಮೇಲೆ. ದೋಣಿಯಲ್ಲಿರೋರ ಹತ್ತಿರ ರೆಸ್ಯೂಮೆ ಕೇಳೋದು ಬೇಡ.